ಮಾತಾಡದವರಿಗೆ ಫೋನ್ ಯಾಕೆ ಎಂದು ಕೇಳಿದ ಕಚೇರಿಗೆ

ಮಾನ್ಯರೇ,

ನನ್ನ ಅಕ್ಕನ ಫೋನನ್ನು ನಿಮ್ಮ ಕಚೇರಿ ನಿಲ್ಲಿಸಿತು. ಯಾಕೆ ಎಂದು ಕೇಳಲು ಬಂದಾಗ ಕೌಂಟರಿನಲ್ಲಿ ಕೂತಿದ್ದ ಹುಡುಗಿ, "ಮಾತೇ ಆಡೋಕಾಗಲ್ಲ ಅಂದ್ರೆ ಅವರಿಗೆ ಫೋನ್ ಯಾಕಮ್ಮ?" ಎಂದು ಕೇಳಿದಳು. ಅವಳು ಕೆಟ್ಟವಳಲ್ಲ. ಒರಟಾಗಿಯೂ ಕೇಳಲಿಲ್ಲ, ನಿಜವಾಗಿ ತಿಳಿಯದೆ ಕೇಳಿದಳು. ಅವಳಿಗೆ ತಿಳಿಯದ್ದು ಅವಳ ಮೇಲಿನವರಿಗೂ ತಿಳಿದಿಲ್ಲ ಎಂಬುದು, ಒಂದು ಕೊಠಡಿಯಿಂದ ಇನ್ನೊಂದು ಕೊಠಡಿಗೆ ಅಲೆದ ಮೇಲೆ ನನಗೆ ಗೊತ್ತಾಯಿತು. ಎಲ್ಲರಿಗಿಂತ ಮೇಲಿನವರು ತಾವು. ತಮ್ಮ ಕೊಠಡಿಯ ತನಕ ನನ್ನನ್ನು ಬಿಡಲಿಲ್ಲ. ಹಾಗಾಗಿ ಆ ಹುಡುಗಿಯ ಪ್ರಶ್ನೆಗೆ ಉತ್ತರವನ್ನು ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ. ಉದ್ದವಾದರೆ ಮನ್ನಿಸಿ. ತಮ್ಮ ಕಚೇರಿಗೆ ಫೋನ್ ಮಾಡಿ, ಹಾಡು ಕೇಳುತ್ತಾ ಕಾಯುವುದನ್ನು ನಾನು ಕಲಿತಿದ್ದೇನೆ. ತಾವೂ ಒಂದಿಷ್ಟು ಕಾಯಬಹುದು.

ನಾನು ಹಳ್ಳಿಯ ಶಾಲೆಯಲ್ಲಿ ಓದಿದವಳು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವವಳು. ನನಗೆ ಐವತ್ತಾಯಿತು. ಅಕ್ಕ ನನಗಿಂತ ಬಹಳ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ನನ್ನ ತಲೆ ಬಾಚಿ, ಮೂಗು ಒರೆಸಿ ಶಾಲೆಗೆ ಅಟ್ಟಿದವಳು ಅವಳೇ. ಮದುವೆ ಮಾಡಿಕೊಳ್ಳಲಿಲ್ಲ. ಒಬ್ಬ ದರ್ಜಿಯ ಅಂಗಡಿಯ ಮೇಲಿನ ಕೋಣೆಯಲ್ಲಿದ್ದುಕೊಂಡು, ಅವನಿಗೆ ಕಾಜ ಹೊಲಿದು ಗುಂಡಿ ಹಾಕಿಕೊಡುತ್ತಾ ಬದುಕಿದವಳು. ಮಾತೆಂದರೆ ಮಾತು. ಮೆಟ್ಟಿಲ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿಕೊಂಡು ಮಾತಾಡಿಸುತ್ತಿದ್ದಳು. "ನಿಮ್ಮಕ್ಕನ ಬಾಯಿಗೇ ಒಂದು ಕಾಜ ಹೊಲಿದು ಗುಂಡಿ ಹಾಕ್ಬೇಕು ನೋಡಿ" ಎಂದು ದರ್ಜಿ ನನ್ನೆದುರಿಗೇ ಹೇಳುತ್ತಿದ್ದ. "ಹಾಕು, ಅದನ್ನೂ ನೀನು ಸೊಟ್ಟಗೇ ಹಾಕ್ತೀಯ" ಎಂದು ಅವಳು ಅಲ್ಲಿಂದಲೇ ಕೂಗುತ್ತಿದ್ದಳು. ಆಮೇಲೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಅರ್ಧ ಹೋದವು. ಮಾತು ಪೂರ್ತಿ ಹೋಯಿತು. ಉಳಿದದ್ದು "ಹೂಂ" ಒಂದೇ. ದರ್ಜಿ ಆ ತಮಾಷೆಯನ್ನು ಮತ್ತೆ ಆಡಿಲ್ಲ.

ನನ್ನ ಮನೆಗೆ ಕರೆಯಲಿಲ್ಲವೇ ಎಂದು ತಾವು ಕೇಳಬಹುದು. ಕರೆದೆ, ಅತ್ತು ಬೇಡಿಕೊಂಡೆ, ಜಗಳವಾಡಿದೆ. ಅವಳು ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು, ಬಿಡಲಿಲ್ಲ. ಅದು ಅವಳು ದುಡಿದು ಉಳಿಸಿಕೊಂಡ ಕೋಣೆ. ದರ್ಜಿಯೂ ಒಳ್ಳೆಯವನು, ಕೈಬಿಡಲಿಲ್ಲ. ಈಗ ಅವಳು ಅವನ ಅಂಗಡಿಯ ಗುಂಡಿಗಳನ್ನು ಬಣ್ಣ ನೋಡಿ, ಗಾತ್ರ ನೋಡಿ ಬೇರೆಬೇರೆ ಡಬ್ಬಿಗೆ ಹಾಕಿಕೊಡುತ್ತಾಳೆ. ಎಡಗೈಗೆ ಸಾಗುವ ಕೆಲಸ. ಬುದ್ಧಿ ಚುರುಕಾಗಿಯೇ ಇದೆ, ಎದುರಿಗೆ ಆಡಿದ ಮಾತು ಒಂದೂ ತಪ್ಪುವುದಿಲ್ಲ. ಅಕ್ಷರ, ಅಂಕಿ ಮಾತ್ರ ಅವಳ ಕಣ್ಣಿಗೆ ನಿಲ್ಲುವುದಿಲ್ಲ, ಇರುವೆಗಳ ಹಾಗೆ ಓಡುತ್ತವಂತೆ. ಅದನ್ನು ಅವಳು ಹೇಳಿದ್ದು ಮೇಜಿನ ಮೇಲೆ ಬೆರಳು ಓಡಿಸಿ.

ಇಂಥವಳಿಗೆ ನಾನು ಗುಂಡಿ ಒತ್ತುವ ಒಂದು ಹಳೆಯ ಫೋನ್ ಕೊಟ್ಟೆ. ಒಂದು ಗುಂಡಿ ಒತ್ತಿಹಿಡಿದರೆ ನನಗೆ ಬರುವ ಹಾಗೆ ಮಗ ಮಾಡಿಕೊಟ್ಟ. ಮೊದಲ ದಿನ ಅವಳು ಒತ್ತಿದಳು, ನಾನು ಎತ್ತಿದೆ. ಆ ಕಡೆಯಿಂದ ಬರೀ ಉಸಿರು. ಮಾತಿನಮಲ್ಲಿಯಾಗಿದ್ದ ನನ್ನ ಅಕ್ಕನ ಉಸಿರು ಮಾತ್ರ ಕೇಳಿಸುತ್ತಿತ್ತು. ಅವಳು ಏನೋ ಹೇಳಹೋಗಿ "ಹೂಂ, ಹೂಂ" ಎಂದು ಅಳತೊಡಗಿದಳು. ಈ ಕಡೆ ನಾನೂ ಅತ್ತೆ. ಅವತ್ತೇ ಹೋಗಿ ಅವಳ ಜೊತೆ ಕೂತು ಒಂದು ಕಟ್ಟುಪಾಡು ಮಾಡಿಕೊಂಡೆವು. ಇನ್ನು ನಮ್ಮಿಬ್ಬರಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಬೆಳಿಗ್ಗೆ ಅವಳು ಒಂದು ಚಿಕ್ಕ ರಿಂಗು ಕೊಟ್ಟರೆ, ಎದ್ದಿದ್ದೇನೆ, ಚೆನ್ನಾಗಿದ್ದೇನೆ ಎಂದು. ನಾನು ಒಂದು ಚಿಕ್ಕ ರಿಂಗು ಕೊಟ್ಟರೆ, ತಿಳಿಯಿತು ಎಂದು. ಅವಳು ಎರಡು ಸಲ ಕೊಟ್ಟರೆ, ಸಾಯಂಕಾಲ ಬಂದು ಹೋಗು ಎಂದು. ನಾನು ಉದ್ದಕ್ಕೆ, ಅದು ತಾನಾಗಿ ನಿಲ್ಲುವ ತನಕ ರಿಂಗು ಕೊಟ್ಟರೆ, ಹೊರಟಿದ್ದೇನೆ, ಬಾಗಿಲು ತೆಗೆದಿಡು ಎಂದು. ಆ ಬಾಗಿಲ ಚಿಲಕ ಬಿಗಿ. ಕಾಲೆಳೆದುಕೊಂಡು ಹೋಗಿ ಒಂದೇ ಕೈಯಲ್ಲಿ ತೆಗೆಯಲು ಅವಳಿಗೆ ಹೊತ್ತು ಬೇಕು. ನಾನು ಹೊರಡುವಾಗ ರಿಂಗು ಕೊಟ್ಟರೆ, ಮೆಟ್ಟಿಲು ಹತ್ತುವಷ್ಟರಲ್ಲಿ ಬಾಗಿಲು ತೆರೆದಿರುತ್ತಿತ್ತು. ಅವಳು ಕುರ್ಚಿಯನ್ನು ಬಾಗಿಲ ಬಳಿ ಎಳೆದುಕೊಂಡು ಕೂತಿರುತ್ತಿದ್ದಳು. ಆ ನಂಬರಿಗೆ ನನ್ನನ್ನು ಬಿಟ್ಟು ಬೇರೆ ಯಾರೂ ಫೋನ್ ಮಾಡುತ್ತಿರಲಿಲ್ಲ. ರಿಂಗಾಯಿತು ಎಂದರೆ ಅದು ತಂಗಿ. ಇದು ನಮ್ಮ ಭಾಷೆ. ಇದರಲ್ಲಿ ನಾವು ಜಗಳವನ್ನೂ ಆಡಿದ್ದೇವೆ. ಒಮ್ಮೆ ನಾನು ಒಂದು ವಾರ ಹೋಗದಿದ್ದಾಗ ಅವಳು ಎರಡೆರಡು ರಿಂಗು ಕೊಟ್ಟು ಕೊಟ್ಟು ನನ್ನ ಮಾನ ಕಳೆದಿದ್ದಳು.

ಮಾನ ಕಳೆದದ್ದು ಯಾರೆದುರು ಎಂದರೆ, ನನ್ನ ಜೊತೆ ಕೆಲಸ ಮಾಡುವವರ ಎದುರು. ನಮ್ಮಲ್ಲಿ ಯಂತ್ರದ ಹತ್ತಿರ ಫೋನ್ ತರುವ ಹಾಗಿಲ್ಲ. ಎಲ್ಲರ ಫೋನೂ ಬಾಗಿಲ ಪಕ್ಕದ ಹಲಗೆಯ ಮೇಲಿನ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿರಬೇಕು. ಡಬ್ಬಿಯೊಳಗೆ ಯಾವ ರಿಂಗಾದರೂ ಇಡೀ ಕೋಣೆಗೆ ಕೇಳಿಸುತ್ತದೆ. ಬೆಳಗಿನ ಮೊದಲ ಹಾಸುಬಟ್ಟೆಗಳು ಬಿಸಿಬಿಸಿಯಾಗಿ ಬರುವ ಹೊತ್ತಿಗೆ ಸರಿಯಾಗಿ ಅಕ್ಕನ ರಿಂಗು. ಬಟ್ಟೆಯ ಇನ್ನೊಂದು ತುದಿ ಹಿಡಿಯುವವಳನ್ನು ನಾವು ಉದ್ದಕ್ಕ ಎನ್ನುತ್ತೇವೆ, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಅವಳು, "ಅಕ್ಕನ ಹಾಜರಿ ಆಯ್ತು ಕಣ್ರೇ, ಇನ್ನು ಕೆಲಸ ಶುರು ಮಾಡಿ" ಎನ್ನುವಳು. ನನ್ನ ಅಕ್ಕನನ್ನು ನೋಡಿಯೇ ಇಲ್ಲದ ಹೆಂಗಸರು ಅವಳ ರಿಂಗಿಗೆ ಕಾಯುತ್ತಿದ್ದರು. ಅದು ಬಂದರೆ ದಿನ ನೆಟ್ಟಗಿದೆ ಎಂದು. ಮಾನ್ಯರೇ, ತಮ್ಮ ಜಾಹೀರಾತಿನಲ್ಲಿ "ನಾವು ಹೃದಯಗಳನ್ನು ಬೆಸೆಯುತ್ತೇವೆ" ಎಂದು ಬರೆದಿದೆ. ಇದನ್ನು ಏನೆನ್ನುತ್ತೀರಿ?

ಈಗ ನಡೆದದ್ದಕ್ಕೆ ಬರುತ್ತೇನೆ. ಇತ್ತೀಚೆಗೆ ಅಕ್ಕ ನನ್ನ ಮೇಲೆ ಮುನಿಸಿಕೊಂಡಳು. ಬೆಳಗಿನ ರಿಂಗು ತಪ್ಪಿಸಲಿಲ್ಲ. ಆದರೆ ನಾನು ಹೋದರೆ ಗೋಡೆಯ ಕಡೆ ತಿರುಗುವಳು. ಬಾಗಿಲ ಬಳಿ ಇರುತ್ತಿದ್ದ ಕುರ್ಚಿ ಮಂಚದ ಪಕ್ಕಕ್ಕೆ ಹೋಗಿತ್ತು. "ಏನಾಯ್ತೇ ಅಕ್ಕ, ನಾನೇನು ಮಾಡಿದೆ?" ಎಂದರೆ "ಹೂಂ" ಕೂಡ ಇಲ್ಲ. ಕೆಳಗೆ ದರ್ಜಿ, "ನೀವು ಮೊನ್ನೆ ಬರ್ತೀನಿ ಅಂದಿದ್ರಾ? ಅಕ್ಕಾವ್ರು ಬಾಗಿಲು ತೆಗೆದಿಟ್ಕೊಂಡು ಸಂಜೆವರೆಗೂ ಕೂತಿದ್ರು. ಚಳಿಗಾಳಿ ಬೇರೆ. ಬಾಗಿಲು ಹಾಕ್ಲಾ ಅಂದ್ರೆ ಕೈ ಅಡ್ಡ ಮಾಡಿದ್ರು. ಅದಕ್ಕೆ ಮುಂಚೆನೂ ಹಂಗೇ ಕೂತಿದ್ರು" ಎಂದ. ನಾನು ಎಲ್ಲಿ ಬರುತ್ತೇನೆ ಎಂದಿದ್ದೆ? ರಿಂಗು ಕೊಟ್ಟೇ ಇರಲಿಲ್ಲ. ವಯಸ್ಸಾಯಿತು, ಏನೋ ಮರೆವು ಎಂದುಕೊಂಡೆ. ರಾತ್ರಿ ದೀಪ ಹಚ್ಚಿ, ಅವಳ ಬುದ್ಧಿಯನ್ನಾದರೂ ಉಳಿಸಪ್ಪಾ ಎಂದು ದೇವರಲ್ಲಿ ಬೇಡಿಕೊಂಡೆ. ದೇವರು ನನ್ನನ್ನು ನೋಡಿ ನಕ್ಕಿರಬೇಕು. ಅವಳ ಬುದ್ಧಿಗೆ ಏನೂ ಆಗಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ರಿಂಗು ಬರಲಿಲ್ಲ. ಮೊದಲ ಹಾಸುಬಟ್ಟೆಗಳು ಬಂದವು. "ಅಕ್ಕ ಇವತ್ತು ರಜಾ ಹಾಕಿದ್ರಾ?" ಎಂದಳು ಉದ್ದಕ್ಕ. ಇನ್ನೊಂದು ರಾಶಿ ಬಂತು. ಯಂತ್ರಗಳ ಸದ್ದು ಇದ್ದೇ ಇತ್ತು, ಆದರೂ ಎಲ್ಲರ ಕಿವಿ ಡಬ್ಬಿಯ ಮೇಲೆ. ನಮ್ಮ ಮೇಲ್ವಿಚಾರಕರಿಗೆ ಗಡಿಯಾರ ಎಂದು ಹೆಸರು, ಒಂದು ನಿಮಿಷವನ್ನೂ ಬಿಟ್ಟುಕೊಡದವರು. ಅವರೇ ಎದ್ದು ಡಬ್ಬಿಯಿಂದ ನನ್ನ ಫೋನ್ ತೆಗೆದು ತಂದುಕೊಟ್ಟು, "ನೋಡಮ್ಮ, ಮಾಡು" ಎಂದರು. ಮಾಡಿದೆ. ಜೇನು ಸವರಿದಂಥ ದನಿಯ ಒಬ್ಬ ಹೆಂಗಸು, ಈ ಸಂಖ್ಯೆಯ ಸೇವೆಯನ್ನು ನಿಲ್ಲಿಸಲಾಗಿದೆ ಎಂದಳು. "ಹೋಗಮ್ಮ" ಎಂದರು ಗಡಿಯಾರ.

ಬಸ್ಸಿನಲ್ಲಿ ನಾನು ಏನೇನು ನೆನೆದೆ ಎಂದು ಬರೆಯಲಾರೆ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ದರ್ಜಿ ಬಂದು ಭುಜ ಕೊಟ್ಟು ದೂಡುವ ಹೊತ್ತಿಗೆ ಚಿಲಕ ಸರಿದ ಸದ್ದಾಯಿತು. ಅಕ್ಕ ಬದುಕಿದ್ದಳು. ಕಿವಿಗೂ ಭುಜಕ್ಕೂ ನಡುವೆ ಫೋನ್ ಒತ್ತಿಕೊಂಡೇ ಬಾಗಿಲು ತೆಗೆದಳು. ಬೆಳಗಿನಿಂದ ಒತ್ತಿ ಒತ್ತಿ, ಬೆರಳ ತುದಿ ಕೆಂಪಾಗಿತ್ತು. ನನ್ನನ್ನು ನೋಡಿ ಫೋನನ್ನು ನನ್ನ ಕಿವಿಗೆ ಇಟ್ಟು "ಹೂಂ?" ಎಂದಳು. ಅದೇ ಜೇನು ಸವರಿದ ಹೆಂಗಸು. ನಾನೇ ಯಾರನ್ನೋ ನಡುವೆ ಕೂರಿಸಿ, ಇನ್ನು ನನಗೆ ಫೋನ್ ಮಾಡಬೇಡ ಎಂದು ಹೇಳಿಸುತ್ತಿದ್ದೇನೆ ಎಂದುಕೊಂಡಿದ್ದಳೋ ಏನೋ, ಆ "ಹೂಂ" ನಲ್ಲಿ ಅಷ್ಟು ಸಿಟ್ಟಿತ್ತು, ಅಷ್ಟು ಅಳುವೂ ಇತ್ತು.

ಮರುದಿನ ಅವಳನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. ಬಹಳ ದಿನದಿಂದ ಬಳಕೆಯಾಗದ ನಂಬರುಗಳನ್ನು ತೆಗೆದುಹಾಕುತ್ತಿದ್ದಾರಂತೆ. "ಬಳಕೆ ಇಲ್ಲ ಅಂದ್ರೆ ಏನಮ್ಮ? ದಿನಾ ರಿಂಗು ಕೊಡ್ತಾಳಲ್ಲ" ಎಂದೆ. "ಅದನ್ನ ಯಾರೂ ಎತ್ತಿಲ್ಲವಲ್ಲ. ಎತ್ತದೇ ಇರೋ ಕಾಲ್ ನಮ್ಮ ಸಿಸ್ಟಮ್ಮಿಗೆ ಬಳಕೆ ಅಲ್ಲ" ಎಂದಳು ಹುಡುಗಿ. ಮತ್ತೆ ಶುರು ಮಾಡಬೇಕಾದರೆ ಯಾರ ಹೆಸರಿನಲ್ಲಿದೆಯೋ ಅವರು ಬಂದು ಯಂತ್ರದ ಮುಂದೆ ತಮ್ಮ ಹೆಸರನ್ನು ಬಾಯಿಂದ ಹೇಳಬೇಕಂತೆ. ಬೇರೆಯವರು ಮೋಸ ಮಾಡದ ಹಾಗೆ. ಅಕ್ಕನನ್ನು ಯಂತ್ರದ ಮುಂದೆ ನಿಲ್ಲಿಸಿದೆ. ನಿಮ್ಮ ಹೆಸರು ಹೇಳಿ ಎಂದಿತು. ಅಕ್ಕ ನನ್ನ ಮುಖ ನೋಡಿ, "ಹೂಂ" ಎಂದಳು. ಕ್ಷಮಿಸಿ, ಅರ್ಥವಾಗಲಿಲ್ಲ, ನಿಮ್ಮ ಹೆಸರು ಹೇಳಿ ಎಂದಿತು. "ಹೂಂ." ಕ್ಷಮಿಸಿ, ಅರ್ಥವಾಗಲಿಲ್ಲ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕನೂ ನಕ್ಕಳು, ಅವಳು ತಮಾಷೆಗಾರ್ತಿಯೇ. ಮತ್ತೆ ಅದು ಕೇಳಿತು, ಮತ್ತೆ ಅವಳು ಹೇಳಿದಳು. ಆಮೇಲೆ ಅವಳು ನಗಲಿಲ್ಲ. ಆಗ ಹುಡುಗಿ ಆ ಪ್ರಶ್ನೆ ಕೇಳಿದ್ದು, ಮಾತೇ ಆಡೋಕಾಗಲ್ಲ ಅಂದ್ರೆ ಅವರಿಗೆ ಫೋನ್ ಯಾಕಮ್ಮ, ಎಂದು. ಕೇಳಿದ್ದು ನನ್ನನ್ನು. ಕೇಳಿಸಿದ್ದು ಅಕ್ಕನಿಗೆ.

ನಾನು ಜಗಳಕ್ಕೆ ನಿಂತೆ. ಒಂದು ಮಾತು ತಿಳಿಸದೆ ಹೇಗೆ ನಿಲ್ಲಿಸಿದಿರಿ ಎಂದೆ. ಹುಡುಗಿ ಪರದೆ ನೋಡಿ, "ತಿಳಿಸಿದೀವಲ್ಲಮ್ಮ. ನಿಲ್ಲಿಸೋ ಮುಂಚೆ ಮೂರು ಸಲ ಫೋನ್ ಮಾಡಿದೀವಿ. ಪೂರ್ತಿ ರಿಂಗಾಗಿದೆ. ಯಾರೂ ಎತ್ತಿಲ್ಲ" ಎಂದಳು.

ಪೂರ್ತಿ ರಿಂಗಾಗಿದೆ.

ಮಾನ್ಯರೇ, ನಾನು ಕೌಂಟರಿನ ಅಂಚು ಹಿಡಿದುಕೊಂಡೆ. ದರ್ಜಿ ಹೇಳಿದ್ದು, ಕುರ್ಚಿ ಜಾಗ ಬದಲಾಗಿದ್ದು, ಗೋಡೆಗೆ ತಿರುಗಿದ ಮುಖ, ಎಲ್ಲ ಒಂದೇ ಸಲಕ್ಕೆ ಗೊತ್ತಾಯಿತು. ತಮ್ಮ ಯಂತ್ರ ನನ್ನ ಅಕ್ಕನಿಗೆ ಉದ್ದ ರಿಂಗು ಕೊಟ್ಟಿತು. ನಮ್ಮ ಭಾಷೆಯಲ್ಲಿ, ಹೊರಟಿದ್ದೇನೆ, ಬಾಗಿಲು ತೆಗೆದಿಡು ಎಂದು ಹೇಳಿತು. ಅವಳು ಕಾಲೆಳೆದುಕೊಂಡು ಹೋಗಿ ಚಿಲಕ ತೆಗೆದಳು. ಕುರ್ಚಿ ಎಳೆದುಕೊಂಡು, ಚಳಿಗಾಳಿಗೆ ಮುಖ ಕೊಟ್ಟು, ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಸಂಜೆಯ ತನಕ ಕೂತಳು. ಬರುತ್ತೇನೆ ಎಂದವಳು ಬರಲಿಲ್ಲ. ಮೂರು ಸಲ. ಮೂರನೆಯ ಸಲವೂ ಹೋಗಿ ತೆಗೆದಳಲ್ಲ, ಅದು ನನ್ನನ್ನು ಕೊಲ್ಲುತ್ತದೆ.

ಮೇಲಿನ ಕೊಠಡಿಗೆ ಹೋಗಿ ಇದನ್ನೆಲ್ಲ ಹೇಳಿಕೊಂಡೆ. ಅಲ್ಲಿದ್ದ ಸಾಹೇಬರು ಕೂರಿ ಎಂದು ಕೈಮಾಡಿ, ಫೋನಿನಲ್ಲಿ ಮಾತಾಡುತ್ತಿದ್ದರು. ನಾವಿಬ್ಬರೂ ಕೂತು ಕೇಳಿಸಿಕೊಂಡೆವು. "ಹೂಂ," ಎಂದರು ಅವರು. "ಹೂಂ... ಹೂಂ... ಹೂಂ." ಬಹಳ ಹೊತ್ತಾದ ಮೇಲೆ ಇನ್ನೊಂದು "ಹೂಂ" ಎಂದು ಇಟ್ಟರು. ತಮ್ಮ ಲೆಕ್ಕದಲ್ಲಿ ಅದು ಮಾತುಕತೆ, ಅಲ್ಲವೇ? ಆ ನಂಬರು ನಡೆಯುತ್ತದೆ, ಅಲ್ಲವೇ? ಅಕ್ಕ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಆವತ್ತು ಅವಳು ಮಾಡಿದ ಕೊನೆಯ ತಮಾಷೆ ಅದು. ಸಾಹೇಬರು ನನ್ನ ಮಾತು ಪೂರ್ತಿ ಕೇಳಿ, "ನಿಯಮ ಎಲ್ಲರಿಗೂ ಒಂದೇ ಅಮ್ಮ. ನಿಮ್ಮ ಹೆಸರಲ್ಲಿ ಬೇರೆ ನಂಬರ್ ತಗೊಂಡು ಅವರ ಕೈಗೆ ಕೊಡಿ, ಮುಗೀತು" ಎಂದರು.

ಮುಗಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಳಕೆ ಎಂದರೆ ಏನು ಎಂದು ತಮಗೆ ಯಾರು ಹೇಳಿಕೊಟ್ಟರು? ನಾನು ಬಸ್ಸಿನಲ್ಲಿ ಓಡಾಡುವವಳು. ಪಕ್ಕದಲ್ಲಿ ಕೂತವರು ಒಂದು ಊರಿಗಾಗುವಷ್ಟು ಮಾತಾಡುತ್ತಾರೆ. "ಎಲ್ಲಿದೀಯಾ?" "ಬಸ್ಸಲ್ಲಿದೀನಿ." "ಏನ್ ಮಾಡ್ತಿದೀಯಾ?" "ಏನಿಲ್ಲ, ನೀನು?" ಇಳಿಯುವ ತನಕ ಇದೇ. ನನ್ನ ಸೊಸೆ ಬಂಗಾರದಂಥವಳು. ಅಡುಗೆಮನೆಯಿಂದ ನಡುಮನೆಯಲ್ಲಿ ಕೂತ ಗಂಡನಿಗೆ, ಊಟಕ್ಕೆ ಬನ್ನಿ ಎಂದು ಮೆಸೇಜು ಕಳಿಸುತ್ತಾಳೆ. ಅವನು ಹೆಬ್ಬೆರಳಿನ ಚಿತ್ರ ಕಳಿಸುತ್ತಾನೆ. ಏಳುವುದಿಲ್ಲ. ಊಟ ಆರುತ್ತದೆ. ಅವರಿಬ್ಬರೂ ತಮ್ಮ ಕಚೇರಿಗೆ ಬಹಳ ಒಳ್ಳೆಯ ಗ್ರಾಹಕರು. ನಾನು ಯಾರನ್ನೂ ಬೈಯುವುದಿಲ್ಲ, ಬೈಯುವ ಶಕ್ತಿಯೂ ಈಗಿಲ್ಲ. ಫೋನು ಮನೆ ಹಾಳುಮಾಡಿತು ಎಂದು ಹಾಡುವ ಮುದುಕಿಯೂ ನಾನಲ್ಲ. ನನಗೆ ಫೋನು ಬೇಕು. ಅಷ್ಟೆಲ್ಲ ಮಾತು ಹೊತ್ತುಕೊಂಡು ಹೋಗುವ ತಮ್ಮ ತಂತಿಗೆ, ನನ್ನ ಅಕ್ಕನ ಒಂದು ರಿಂಗು ಭಾರವಾಯಿತೇ ಎಂಬುದಷ್ಟೇ ನನ್ನ ಪ್ರಶ್ನೆ.

ನಾನು ದೇವರನ್ನು ನಂಬುವವಳು. ನನಗೆ ಬುದ್ಧಿ ಬಂದಾಗಿನಿಂದ ದಿನಾ ಅವನ ಮುಂದೆ ನಿಂತಿದ್ದೇನೆ. ಒಂದು ದಿನವೂ ಅವನು ಎತ್ತಿ ಹಲೋ ಎಂದಿಲ್ಲ. ಆದರೂ ಬೆಳಿಗ್ಗೆ ಕೈಮುಗಿದು ಏಳುವಾಗ, ತಿಳಿಯಿತು ಎಂದು ಯಾರೋ ಅಂದ ಹಾಗಿರುತ್ತದೆ. ಅಷ್ಟರಲ್ಲೇ ದಿನ ದೂಡುತ್ತೇನೆ. ಈ ಹೆಂಗಸಿನ ಕರೆಗಳಿಗೆ ಉತ್ತರ ಹೋಗಿಲ್ಲ, ಆದ್ದರಿಂದ ಇವಳದು ಬಳಕೆಯಲ್ಲಿಲ್ಲ ಎಂದು ಅವನು ನನ್ನನ್ನು ಇನ್ನೂ ತೆಗೆದುಹಾಕಿಲ್ಲ. ಅವನ ಕಚೇರಿ ತಮ್ಮದಕ್ಕಿಂತ ದೊಡ್ಡದು. ಕೆಲಸದ ಒತ್ತಡವೂ ಹೆಚ್ಚಿರಬೇಕು.

ಸಾಹೇಬರು ಹೇಳಿದ ಹಾಗೆ ನನ್ನ ಹೆಸರಿನಲ್ಲಿ ಹೊಸ ನಂಬರು ತೆಗೆದುಕೊಂಡೆ. ಅದೇ ಫೋನಿಗೆ ಹಾಕಿ, ಅದೇ ಗುಂಡಿಗೆ ನನ್ನನ್ನು ಕೂರಿಸಿ ಕೊಟ್ಟೆ. ಎಲ್ಲ ನೆಟ್ಟಗಿದೆ. ಅಕ್ಕ ಅದನ್ನು ಮುಟ್ಟುವುದಿಲ್ಲ. ಆ ರಿಂಗು ನಾನು ಕೊಟ್ಟದ್ದಲ್ಲ, ಕಚೇರಿಯವರು ಕೊಟ್ಟದ್ದು ಎಂದು ಅವಳ ಕೈ ಹಿಡಿದುಕೊಂಡು ಎಷ್ಟು ಸಲ ಹೇಳಿದೆನೋ. ನನ್ನ ಮೇಲಿನ ಮುನಿಸು ಹೋಯಿತು, ಗೋಡೆಗೆ ತಿರುಗುವುದಿಲ್ಲ. ಆದರೆ ಫೋನನ್ನು ಒಡೆದ ಗುಂಡಿಗಳ ಡಬ್ಬಿಗೆ ಹಾಕಿಟ್ಟಿದ್ದಾಳೆ. ಕೆಲಸಕ್ಕೆ ಬಾರದ್ದನ್ನೆಲ್ಲ ಅವಳು ಹಾಕುವುದು ಆ ಡಬ್ಬಿಗೆ. ತೆಗೆದು ಮೇಜಿನ ಮೇಲೆ ಇಟ್ಟರೆ, ಬಾಯಿಯ ಮೇಲೆ ಬೆರಳಿಟ್ಟು, ತಲೆಯಾಡಿಸಿ, ಮತ್ತೆ ಅದೇ ಡಬ್ಬಿಗೆ ಹಾಕುತ್ತಾಳೆ. ಮಾತಾಡದವಳಿಗೆ ಫೋನ್ ಯಾಕೆ ಎಂದು ನನಗೇ ಹೇಳುತ್ತಿದ್ದಾಳೆ. ತಮ್ಮ ಕಚೇರಿಯ ಮಾತನ್ನು ಅವಳು ನಂಬಿಬಿಟ್ಟಳು. ನಾನು ಉದ್ದ ರಿಂಗು ಕೊಟ್ಟು ಹೊರಟರೂ, ಮೆಟ್ಟಿಲು ಹತ್ತಿದಾಗ ಬಾಗಿಲು ಹಾಕಿಯೇ ಇರುತ್ತದೆ. ಇನ್ನೊಮ್ಮೆ ಲಕ್ವ ಹೊಡೆದು ಬೀಳಬಹುದು ಎಂದು ವೈದ್ಯರು ಹೇಳಿದ್ದಾರೆ. ಬಿದ್ದ ಬೆಳಿಗ್ಗೆ ನನಗೆ ಹೇಗೆ ಗೊತ್ತಾಗಬೇಕು? ನಮ್ಮ ಕೆಲಸದ ಕೋಣೆಯ ತಗಡಿನ ಡಬ್ಬಿ ಈಗ ದಿನವೂ ಸುಮ್ಮನಿರುತ್ತದೆ. ಎಲ್ಲ ದಿನವೂ ಆ ಬೆಳಿಗ್ಗೆಯೇ.

ಆದ್ದರಿಂದ ನನ್ನ ಬೇಡಿಕೆ. ಎತ್ತದ ರಿಂಗೂ ಕರೆಯೇ ಎಂದು ತಮ್ಮ ನಿಯಮದಲ್ಲಿ ಬರೆಸಿ. ಯಾರದೋ ಫೋನ್ ನಿಲ್ಲಿಸುವ ಮೊದಲು ಒಬ್ಬ ಮನುಷ್ಯನನ್ನು ಅವರ ಬಾಗಿಲಿಗೆ ಕಳಿಸಿ. ಬಾಯಿಲ್ಲದವರ ಬಾಯಿಂದ ಹೆಸರು ಹೇಳಿಸುವ ಆ ಯಂತ್ರಕ್ಕೆ ಬೇರೆ ಏನಾದರೂ ಕೆಲಸ ಹುಡುಕಿ. ಇವನ್ನು ತಾವು ಪರಿಶೀಲಿಸುತ್ತೇವೆ ಎನ್ನುತ್ತೀರಿ, ಪರಿಶೀಲಿಸುತ್ತಲೇ ಇರುತ್ತೀರಿ, ಗೊತ್ತಿರುವ ಸಂಗತಿಯೇ.

ಆದರೆ ಒಂದು ಕೆಲಸಕ್ಕೆ ಪರಿಶೀಲನೆ ಬೇಕಿಲ್ಲ. ತಮ್ಮ ಕಚೇರಿ ನನ್ನ ಅಕ್ಕನಿಗೆ ಬರುತ್ತೇನೆ ಎಂದು ಮೂರು ಸಲ ಹೇಳಿದೆ. ಒಂದು ಸಲ ಬನ್ನಿ. ಆ ಸಾಹೇಬರನ್ನಲ್ಲ, ಆ ಹುಡುಗಿಯನ್ನೂ ಅಲ್ಲ, ತಾವೇ ಬನ್ನಿ. ವಿಳಾಸ ತಮ್ಮ ಪರದೆಯ ಮೇಲಿದೆ, ಕೆಳಗೆ ದರ್ಜಿಯ ಅಂಗಡಿ. ಹೊರಡುವಾಗ ಹೊಸ ನಂಬರಿಗೆ ಉದ್ದ ರಿಂಗು ಕೊಡಿ. ಅವಳು ಎತ್ತುವುದಿಲ್ಲ, ಗಾಬರಿಯಾಗಬೇಡಿ. ಬಾಗಿಲು ಹಾಕಿದ್ದರೆ ಹೊರಗೆ ನಿಂತು ಕಾಯಿರಿ. ಅವಳು ಕಾದಷ್ಟು ಬೇಡ, ಸ್ವಲ್ಪ ಕಾಯಿರಿ ಸಾಕು. ಚಿಲಕ ಬಿಗಿ ಇದೆ. ತೆರೆದರೆ, ತಪ್ಪಾಯಿತು ಎನ್ನಿ. ನಿಮಗೆ ಫೋನು ಬೇಕು ತಾಯಿ ಎಂದು ಹೇಳಿ. ನಾನು ಹೇಳಿದರೆ ತಂಗಿಯ ಸಮಾಧಾನದ ಮಾತು ಎಂದುಕೊಳ್ಳುತ್ತಾಳೆ. ತಮ್ಮ ಬಾಯಿಂದ ಬಂದರೆ ನಂಬಬಹುದು. ಅವಳು ತಮ್ಮ ಮುಖವನ್ನು ಬಹಳ ಹೊತ್ತು ನೋಡುತ್ತಾಳೆ, ಆಮೇಲೆ "ಹೂಂ" ಎನ್ನುತ್ತಾಳೆ.

ಆಗ ದಯವಿಟ್ಟು, ಕ್ಷಮಿಸಿ, ಅರ್ಥವಾಗಲಿಲ್ಲ ಎನ್ನಬೇಡಿ.

ಇಂತಿ,
ತಗಡಿನ ಡಬ್ಬಿಯ ಕಡೆಗೇ ಕಿವಿಯಿಟ್ಟು ಆಸ್ಪತ್ರೆಯ ಹಾಸುಬಟ್ಟೆ ಇಸ್ತ್ರಿ ಮಾಡುತ್ತಿರುವ,
ಬಳಕೆಯಲ್ಲಿಲ್ಲದ ಒಂದು ನಂಬರಿನ ತಂಗಿ